ಕಲಹಾರಿಯಲ್ಲಿ ತಕ್ಕಡಿ ಹಿಡಿದ ವಿದ್ಯಾರ್ಥಿ

ವಿಜಯನಗರ, ರಾಜಾಜಿನಗರದ ಮನೆಗಳಿಂದ ಮಕ್ಕಳು ವಿದೇಶಕ್ಕೆ ಓದಲು ಹೋಗುವುದು ಈಗ ಅಪರೂಪದ ಸಂಗತಿಯಲ್ಲ. ಯಾವ ವಿಶ್ವವಿದ್ಯಾಲಯ, ಶುಲ್ಕ ಎಷ್ಟು, ಮುಂದೆ ಎಂಥ ಕೆಲಸ ಸಿಗಬಹುದು ಎಂಬ ವಿಚಾರಣೆ ತಿಂಗಳುಗಟ್ಟಲೆ ನಡೆಯುತ್ತದೆ. ಆದರೆ ಹೋದ ಊರಿನ ಜನರನ್ನು ಹೇಗೆ ನೋಡಬೇಕು, ಅವರಿಂದ ಏನು ಕಲಿಯಬೇಕು ಎಂಬ ಮಾತು ಬರುವುದೇ ಕಡಿಮೆ. ಮರುಭೂಮಿಯೊಂದಕ್ಕೆ ಅಧ್ಯಯನಕ್ಕೆ ಹೋದ ವಿದ್ಯಾರ್ಥಿಯೊಬ್ಬರ ಅನುಭವ ಇಲ್ಲಿ ಪಾಠವಾಗಬಲ್ಲದು.

ಕೆನಡಾದ ರಿಚರ್ಡ್ ಲೀ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾಗಿದ್ದರು. 1963ರಲ್ಲಿ ಅವರು ಆಫ್ರಿಕದ ಕಲಹಾರಿ ಮರುಭೂಮಿಯ ಡೋಬೆ ಎಂಬಲ್ಲಿಗೆ ಹೋದರು. ಆ ಪ್ರದೇಶ ಇಂದಿನ ಬೋಟ್ಸ್ವಾನ ದೇಶದಲ್ಲಿದೆ. ಅಲ್ಲಿದ್ದವರು ಜುಹ್ವಾನ್ಸಿ ಜನ. ಅವರಿಗೆ ಬೇಸಾಯವಿಲ್ಲ, ಬೇಟೆ ಮತ್ತು ಗೆಡ್ಡೆ, ಕಾಯಿಗಳ ಸಂಗ್ರಹವೇ ಜೀವನಾಧಾರ. ಇಂಥವರು ಬೆಳಗಿನಿಂದ ಸಂಜೆಯವರೆಗೆ ಅಲೆದರೂ ಅರೆಹೊಟ್ಟೆಯಲ್ಲೇ ಮಲಗುತ್ತಾರೆ ಎಂಬುದು ಆಗಿನ ವಿದ್ವಾಂಸರ ಸಾಮಾನ್ಯ ನಂಬಿಕೆ.

ಲೀ ಈ ನಂಬಿಕೆಯನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಅಳೆದು ನೋಡಿದರು! 1964ರ ಜುಲೈನಲ್ಲಿ ನಾಲ್ಕು ವಾರ ಪ್ರತಿದಿನ ಯಾರು ಆಹಾರಕ್ಕಾಗಿ ಹೊರಟರು, ಏನು ತಂದರು ಎಂದು ಬರೆದಿಟ್ಟರು, ತಂದದ್ದನ್ನು ತೂಗಿದರು. ಅದು ಬರಗಾಲದ ಸಮಯ. ಆದರೂ ವಯಸ್ಕರು ಆಹಾರ ಸಂಪಾದನೆಗೆ ವಾರಕ್ಕೆ ಸುಮಾರು ಎರಡೂವರೆ ದಿನ ಮಾತ್ರ ದುಡಿಯುತ್ತಿದ್ದರು. ತಲೆಗೆ ದಿನಕ್ಕೆ ಸುಮಾರು 2,140 ಕಿಲೋಕ್ಯಾಲರಿ ದೊರೆಯುತ್ತಿತ್ತು. ಲೀ ಅಂದಾಜಿಸಿದ ಅಗತ್ಯ 1,975. ಇದರ ಗುಟ್ಟು ಮೊಂಗೊಂಗೊ ಎಂಬ ಮರದ ಬೀಜ. ಬರವನ್ನು ತಾಳಿಕೊಳ್ಳುವ ಈ ಮರದ ಬೀಜದಲ್ಲಿ ನಮ್ಮ ಕಡಲೆಕಾಯಿಯಂತೆ ಎಣ್ಣೆಯೂ ಪ್ರೋಟೀನೂ ಹೇರಳ.

ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶ ಇನ್ನೊಂದಿದೆ. ಎರಡನೆಯ ವಾರದಲ್ಲಿ ಲೀ ತಾವೇ ಜನರಿಗೆ ಆಹಾರ ಹಂಚಿದ್ದರು. ಅದರಿಂದ ಅವರ ದುಡಿಮೆ ಕಡಿಮೆಯಾಗಿತ್ತು. ಆದ್ದರಿಂದ ಆ ವಾರದ ಲೆಕ್ಕವನ್ನು ಸರಾಸರಿಯಿಂದ ಕೈಬಿಟ್ಟರು. ನೋಡುವವನೇ ನೋಟವನ್ನು ಬದಲಿಸಿಬಿಟ್ಟರೆ ಅದನ್ನು ಮುಚ್ಚಿಡದೆ ಹೇಳುವುದೇ ಪ್ರಾಮಾಣಿಕ ಪ್ರಯೋಗ.

ನಾಲ್ಕು ವಾರದ ಲೆಕ್ಕ ಇಡೀ ವರ್ಷಕ್ಕೆ ಸಾಕೇ ಎಂದು ಮುಂದೆ ಬೇರೆ ಸಂಶೋಧಕರು ಪ್ರಶ್ನಿಸಿದರು. ಉಪಕರಣ ತಯಾರಿಕೆ, ಅಡುಗೆ ಮೊದಲಾದ ಮನೆಗೆಲಸ ಸೇರಿಸಿದರೆ ದುಡಿಮೆ ವಾರಕ್ಕೆ 40 ಗಂಟೆ ದಾಟುತ್ತದೆಂದು ಲೀ ಅವರೇ ಆಮೇಲೆ ತೋರಿಸಿದರು. ವಿಜ್ಞಾನ ಬೆಳೆಯುವುದೇ ಹೀಗೆ.

ಆದರೆ ತಕ್ಕಡಿಗೆ ಸಿಗದ ಪಾಠವೊಂದನ್ನು ಆ ಜನರೇ ಕಲಿಸಿದರು. 1964ರ ಕ್ರಿಸ್‌ಮಸ್‌ಗೆ ಲೀ 20 ಪೌಂಡು ಹಣ ತೆತ್ತು, ಕೊಬ್ಬಿದ ದೊಡ್ಡ ಕರಿಯ ಎತ್ತೊಂದನ್ನು ಔತಣಕ್ಕಾಗಿ ಕೊಂಡರು. ನೋಡಿದವರೆಲ್ಲ ಅದು ಬರೀ ಮೂಳೆ, ಹೊಟ್ಟೆ ತುಂಬದು ಎಂದು ಹಂಗಿಸಿದರು. ಪಾಪ, ಲೀ ಕಂಗೆಟ್ಟರು. ಕೊಯ್ದಾಗ ನೋಡಿದರೆ ದಪ್ಪನೆಯ ಕೊಬ್ಬು! ಜನ ಎರಡು ದಿನ ಕುಣಿದು ತಿಂದರು. ಹಾಗಾದರೆ ಹೀಯಾಳಿಸಿದ್ದೇಕೆ? ದೊಡ್ಡ ಬೇಟೆ ತಂದವನಿಗೆ ತಾನೇ ಒಡೆಯನೆಂಬ ಗರ್ವ ಬರಬಾರದು ಎಂದು ಅವನ ಬೇಟೆಯನ್ನು ಹಗುರಾಗಿ ಮಾತಾಡುವುದು ಅಲ್ಲಿಯ ಪದ್ಧತಿ. ಕೊಡುವವನ ಅಹಂಕಾರವೂ ಅವರ ಕಣ್ಣಿಗೆ ಅಪಾಯವೇ. ಹೊಗಳಿಕೆಯನ್ನು ಹೊನ್ನಶೂಲವೆಂದ ಬಸವಣ್ಣನವರ ಹೆಸರು ಹೊತ್ತ ಬಡಾವಣೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಜನರ ಬದುಕು ಇಂದು ಬಹಳ ಬದಲಾಗಿದೆ. ಕೊಳವೆಬಾವಿ, ದನಕರು, ಶಾಲೆ, ಕೂಲಿ ಹಣ ಎಲ್ಲವೂ ಬಂದಿವೆ. ಆದರೆ ಅಧ್ಯಯನದ ಕ್ರಮ ಹಳತಾಗಿಲ್ಲ. ಅದಕ್ಕೆ ವಿಮಾನ ಹತ್ತಲೇಬೇಕೆಂದೂ ಇಲ್ಲ. ವಿಜಯನಗರದ ಹೂವು ಮಾರುವ ತಾಯಿ, ರಾಜಾಜಿನಗರದ ಕೈಗಾರಿಕಾ ಶೆಡ್ಡಿನ ಕೆಲಸಗಾರ, ಕೆಂಗೇರಿಯ ಆಚೆಯ ರೈತ ಎಷ್ಟು ಹೊತ್ತಿಗೆ ಏಳುತ್ತಾರೆ, ಎಷ್ಟು ದುಡಿಯುತ್ತಾರೆ, ಏನು ಉಣ್ಣುತ್ತಾರೆ? ಅವರ ಒಪ್ಪಿಗೆ ಕೇಳಿ, ನಾಲ್ಕು ವಾರ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಲಿ. ಅಂಕಿಗಳನ್ನು ಅವರಿಗೇ ತೋರಿಸಿ, ಸರಿಯೇ ಎಂದು ಕೇಳಲಿ. ನಾಳೆ ದೂರದೇಶಕ್ಕೆ ಹೊರಡುವ ಮಗನಿಗೋ ಮಗಳಿಗೋ ತಂದೆತಾಯಿಗಳು ಕಟ್ಟಿಕೊಡಬಹುದಾದ ಒಳ್ಳೆಯ ಬುತ್ತಿ ಇದು.