ವೇದಿಕೆಯೇರಿದ ಪೊರಕೆ

ಕರ್ನಾಟಕ ಸಂಗೀತದ ಕಛೇರಿಯಲ್ಲಿ ಗಾಯಕನು ರಾಗಾಲಾಪನೆಗೆ ತೊಡಗಿದಾಗ, ಮುಂದೆ ಯಾವ ಸಂಚಾರ ಬರುವುದೆಂಬುದನ್ನು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ. ಇದನ್ನು ಮನೋಧರ್ಮ ಸಂಗೀತವೆನ್ನುತ್ತಾರೆ. ಆದರೂ ಅಲ್ಲಿ ರಾಗಲಕ್ಷಣವೆಂಬ ಎಲ್ಲೆಯುಂಟು. ಅದನ್ನು ಮೀರಿದರೆ ರಸಿಕರು ಹುಬ್ಬುಗಂಟಿಕ್ಕುತ್ತಾರೆ. 1960ರ ದಶಕದಲ್ಲಿ ಯೂರೋಪಿನ ಕೆಲವು ಸಂಗೀತಗಾರರು ಅಂತಹ ಎಲ್ಲೆಯೂ ಬೇಡವೆಂದರು. ಗೊತ್ತುಪಡಿಸಿದ ಧಾಟಿಯಿಲ್ಲ, ಲಯವಿಲ್ಲ, ಕಟ್ಟಿಟ್ಟ ಕೃತಿಯೂ ಇಲ್ಲ. ಜೊತೆಗಾರರ ನಾದಕ್ಕೆ ಕಿವಿಗೊಟ್ಟು, ಆ ಕ್ಷಣದಲ್ಲಿ ಹೊಳೆದುದನ್ನು ನುಡಿಸುವುದೇ ಅವರ ಪದ್ಧತಿ. ಇಷ್ಟೊಂದು ಸ್ವಾತಂತ್ರ್ಯವನ್ನು ಸಾರಿದ ಈ ಪಂಥದಲ್ಲಿ ಒಂದು ಸಂಗತಿ ಮಾತ್ರ ಹಳೆಯದಾಗಿಯೇ ಉಳಿದಿತ್ತು. ವೇದಿಕೆಯ ಮೇಲಿದ್ದವರು ಬಹುಮಟ್ಟಿಗೆ ಗಂಡಸರೇ!

ಲಂಡನ್ನಿನ ಇಬ್ಬರು ಕಲಾವಿದೆಯರಿಗೆ ಇದು ಸಹಜವೆಂದು ತೋರಲಿಲ್ಲ. ಲಿಂಡ್ಸೆ ಕೂಪರ್ ಅವರು 'ಹೆನ್ರಿ ಕೌ' ಎಂಬ ತಂಡದಲ್ಲಿ ಬಸೂನ್ ಮತ್ತು ಓಬೋ ಎಂಬ ಸುಷಿರವಾದ್ಯಗಳನ್ನು ನುಡಿಸಿ ಹೆಸರಾಗಿದ್ದವರು. ಮ್ಯಾಗಿ ನಿಕಲ್ಸ್ ಅವರು ಗಾಯಕಿ. 1977ರಲ್ಲಿ ಇವರಿಬ್ಬರೂ ಕೂಡಿ ಸ್ತ್ರೀಯರದೇ ಆದ ತಂಡವೊಂದನ್ನು ಕಟ್ಟಿದರು. ಜಾರ್ಜಿನಾ ಬಾರ್ನ್ ಸೆಲೋ ಹಿಡಿದರು. ಕೊರೀನ್ ಲಿಯೆನ್ಸಾಲ್ ಟ್ರಂಪೆಟ್ ಊದಿದರು. ಕ್ಯಾಥಿ ವಿಲಿಯಮ್ಸ್ ಅವರೂ ಜೊತೆಗೂಡಿದರು. ತಂಡಕ್ಕೆ ಹೆಸರು ಬಂದ ಬಗೆ ಸ್ವಾರಸ್ಯವಾದುದು. ಅವರು ಬಯಸಿದ್ದುದು 'ಮಹಿಳಾ' ತಂಡವೆಂಬ ಸರಳವಾದ ಹೆಸರನ್ನು. ಆದರೆ ಕಾರ್ಯಕ್ರಮವನ್ನು ಏರ್ಪಡಿಸಿದ್ದವರು ತಮ್ಮ ಪತ್ರಿಕೆಯಲ್ಲಿ 'ಫೆಮಿನಿಸ್ಟ್ ಇಂಪ್ರೊವೈಸಿಂಗ್ ಗ್ರೂಪ್' ಎಂದು ಅಚ್ಚುಹಾಕಿಸಿಬಿಟ್ಟಿದ್ದರು. 'ಸ್ತ್ರೀವಾದಿ' ಎಂಬ ಹಣೆಪಟ್ಟಿಯನ್ನು ಪರರೇ ಅಂಟಿಸಿದ ಮೇಲೆ, ಅದನ್ನು ಸಾರ್ಥಕಗೊಳಿಸೋಣವೆಂದು ಕಲಾವಿದೆಯರು ನಿಶ್ಚಯಿಸಿದರು.

ಅವರ ಪ್ರದರ್ಶನ ಕೇವಲ ಗಾಯನವಾದನಗಳ ಗೋಷ್ಠಿಯಾಗಿರಲಿಲ್ಲ. ಬಸೂನ್, ಸೆಲೋಗಳ ಪಕ್ಕದಲ್ಲಿ ಪೊರಕೆ, ಕಸದ ಮೊರ, ಪಾತ್ರೆಪಡಗ, ಮೊಟ್ಟೆ ಕತ್ತರಿಸುವ ತಂತಿಯ ಸಾಧನ, ಧೂಳು ಹೀರುವ ಯಂತ್ರ ಇವೂ ಸ್ಥಾನ ಪಡೆದವು. ಬಿಗಿದ ತಂತಿಯನ್ನು ಮೀಟಿದರೆ ನಾದ ಹೊರಡುತ್ತದೆ. ಅದು ವೀಣೆಯದೋ ಅಡುಗೆಮನೆಯದೋ ಎಂದು ತಂತಿಗೇನು ಗೊತ್ತು? ಅಂತೆಯೇ ಪೊರಕೆಯ ಸರಸರ ಸದ್ದಿಗೂ ಒಂದು ಲಯವುಂಟು. ಪ್ರತಿದಿನವೂ ಮನೆಮನೆಯಲ್ಲಿ ಕೇಳಿಬಂದರೂ ಯಾರೂ ಕಿವಿಗೊಡದ ಸದ್ದು ಅದು. ಏಕೆಂದರೆ ಆ ದುಡಿಮೆಯನ್ನೇ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸಂಗೀತದ ನಡುವೆ ಹಾಸ್ಯವಿತ್ತು, ಅಭಿನಯವಿತ್ತು, ಅಳು ನಗು ಕೂಗುಗಳಿದ್ದವು. ಸಭಿಕರಲ್ಲಿ ಕೆಲವರು ನಕ್ಕು ನಲಿದರೆ ಕೆಲವರು ಕಕ್ಕಾಬಿಕ್ಕಿಯಾದರು.

ತಂಡದಲ್ಲಿ ಪಳಗಿದವರೂ ಹೊಸಬರೂ ಸರಿಸಮವಾಗಿ ನಿಲ್ಲುತ್ತಿದ್ದುದು ಇನ್ನೊಂದು ವಿಶೇಷ. ಇದು ಎಲ್ಲರಿಗೂ ರುಚಿಸಲಿಲ್ಲ. 1979ರಲ್ಲಿ ಬರ್ಲಿನ್ನಿನ ಸಂಗೀತೋತ್ಸವದಲ್ಲಿ ಇವರು ಪಾಲ್ಗೊಂಡಾಗ, ಇವರಿಗೆ ವಾದ್ಯ ನುಡಿಸಲು ಬರುವುದಿಲ್ಲವೆಂಬ ಆಕ್ಷೇಪ ಪುರುಷ ಸಂಗೀತಗಾರರಿಂದಲೇ ಕೇಳಿಬಂದಿತು. ಯಾವ ನಿಯಮವೂ ಬೇಡವೆಂದು ಹೊರಟವರ ನಡುವೆ ಈ ಮಾತು ಹುಟ್ಟಿದ್ದು ವಿಚಿತ್ರವೇ ಸರಿ. ಆಕ್ಷೇಪಕ್ಕೆ ಆಧಾರವೂ ದುರ್ಬಲವಾಗಿತ್ತು. ಕೂಪರ್ ಅವರು ಶಾಸ್ತ್ರೀಯ ಶಿಕ್ಷಣ ಪಡೆದವರು. ತಂಡವನ್ನು ಬಳಿಕ ಸೇರಿದ ಸ್ವಿಟ್ಜರ್ಲೆಂಡಿನ ಪಿಯಾನೋ ವಾದಕಿ ಐರೀನ್ ಶ್ವೈಜರ್ ಅವರಂತೂ ಯೂರೋಪಿನ ಅಗ್ರಗಣ್ಯ ಕಲಾವಿದರ ಸಾಲಿನವರು. ಅದುವರೆಗೆ ಎಷ್ಟೋ ಕಛೇರಿಗಳಲ್ಲಿ ಗಂಡಸರ ನಡುವೆ ಒಬ್ಬಳೇ ಹೆಣ್ಣಾಗಿ ನುಡಿಸಿದ್ದವರು.

ಕ್ಷಣದಲ್ಲಿ ಹುಟ್ಟಿ ಕ್ಷಣದಲ್ಲಿ ಅಡಗುವ ಈ ಕಲೆಯಿಂದ ಉಳಿದುದು ಅಲ್ಪ. 1979ರಲ್ಲಿ ತಂಡದ ಹೆಸರಿನಲ್ಲಿ ಒಂದು ಕ್ಯಾಸೆಟ್ ಹೊರಬಂದಿತು. ಅದರಲ್ಲಿ ಸದ್ದನ್ನು ಕೇಳಬಹುದೇ ಹೊರತು, ಪೊರಕೆ ಹಿಡಿದವರ ಮುಖಭಾವವನ್ನು ಕಾಣಲಾಗದು.

1980ರ ದಶಕದ ಮೊದಲಲ್ಲಿ ತಂಡ ಚದುರಿತು. ಬಾರ್ನ್ ಅವರು ಮಾನವಶಾಸ್ತ್ರದತ್ತ ತಿರುಗಿ ಸಂಗೀತಸಂಸ್ಥೆಗಳನ್ನೇ ಅಧ್ಯಯನದ ವಿಷಯವಾಗಿಸಿಕೊಂಡರು. ಇದೇ ತಂಡದಲ್ಲಿ ಹಾಡಿದ್ದ ಸ್ಯಾಲಿ ಪಾಟರ್ 1983ರಲ್ಲಿ 'ದಿ ಗೋಲ್ಡ್ ಡಿಗ್ಗರ್ಸ್' ಎಂಬ ಚಲನಚಿತ್ರವನ್ನು ನಿರ್ದೇಶಿಸಿದರು. ಅದರ ತಂತ್ರಜ್ಞರೆಲ್ಲರೂ ಮಹಿಳೆಯರು. ಸಂಗೀತ ಕೂಪರ್ ಅವರದು. ನರಮಂಡಲದ ದೀರ್ಘವ್ಯಾಧಿಯಿಂದ ವಾದ್ಯವನ್ನು ಕೆಳಗಿಡಬೇಕಾಗಿ ಬಂದ ಕೂಪರ್ 2013ರಲ್ಲಿ ತೀರಿಕೊಂಡರು. ಶ್ವೈಜರ್ ಅವರು 1986ರಲ್ಲಿ ಜ್ಯೂರಿಚ್ ನಗರದಲ್ಲಿ ನಡೆದ ಮಹಿಳಾ ಸಂಗೀತೋತ್ಸವಕ್ಕೆ ಶ್ರಮಿಸಿದರು. ಮುಂದೆ ನಿಕಲ್ಸ್ ಮತ್ತು ಫ್ರಾನ್ಸಿನ ಜೊಯೆಲ್ ಲೆಆಂಡ್ರ್ ಅವರೊಡನೆ ಮೂವರ ತಂಡ ಕಟ್ಟಿ, ಕೂದಲು ನರೆತ ಮೇಲೂ ಸಭಿಕರನ್ನು ನಗಿಸುತ್ತ, ಬೆರಗುಗೊಳಿಸುತ್ತ ವೇದಿಕೆಗಳಲ್ಲಿ ನುಡಿಸಿದರು.