ಕಪ್ಪು-ಬಿಳುಪು ಛಾಯಾಚಿತ್ರದ ಮುದ್ರಣ: ಯಂತ್ರ ಮತ್ತು ಕಾಗದದ ಆಯ್ಕೆ

ಮಾಗಡಿ ರಸ್ತೆಯ ಸುಂಕದಕಟ್ಟೆಯಂತಹ ಬಡಾವಣೆಗಳ ಮನೆಗಳಲ್ಲಿ ಹಿರಿಯರ ಕಪ್ಪು-ಬಿಳುಪು ಭಾವಚಿತ್ರಗಳು ಮಾಸುತ್ತಿವೆ. ಅವುಗಳನ್ನು ಇಂಕ್‌ಜೆಟ್ ಯಂತ್ರದಲ್ಲಿ ಪುನಃ ಮುದ್ರಿಸಿದಾಗ ಅಜ್ಜಿಯ ಮುಖಕ್ಕೆ ಹಸುರು ಛಾಯೆ ಅಂಟುವುದುಂಟು. ಇದಕ್ಕೆ ಕಾರಣವೇನೆಂಬುದನ್ನು ವಿಚಾರಿಸೋಣ.

ಸಾಮಾನ್ಯ ಯಂತ್ರದಲ್ಲಿರುವುದು ಒಂದೇ ಕಪ್ಪು ಮಸಿ. ಬೂದುಬಣ್ಣದ ನಡುಛಾಯೆಗಳನ್ನು ಅದು ಬಹುಮಟ್ಟಿಗೆ ಬಣ್ಣದ ಮಸಿಗಳನ್ನು ಬೆರೆಸಿಯೇ ಒದಗಿಸುತ್ತದೆ. ಬೆರಕೆ ತುಸು ತಪ್ಪಿದರೂ ಬಣ್ಣ ಇಣುಕುತ್ತದೆ. ಹಗಲಿನಲ್ಲಿ ಸರಿಯೆನಿಸಿದ ಚಿತ್ರವು ಟ್ಯೂಬ್‌ಲೈಟಿನಡಿ ಬೇರೆಯಾಗಿ ತೋರಬಹುದು. ಮೈಸೂರಿನ ಟಿ. ಎಸ್. ಸತ್ಯನ್ (1923-2009) ಅವರಂತಹವರ ಕಪ್ಪು-ಬಿಳುಪು ಚಿತ್ರಗಳ ಜೀವವಿರುವುದು ಈ ನಡುಛಾಯೆಗಳಲ್ಲಿಯೇ. ಆದುದರಿಂದ ಕಪ್ಪಿನೊಡನೆ ಒಂದೆರಡು ಬೂದು ಮಸಿಗಳೂ ಇರುವ ಯಂತ್ರವೇ ಯೋಗ್ಯವಾದುದು. ಎಪ್ಸನ್ ಸಂಸ್ಥೆಯು 2005ರಲ್ಲಿ ಮೂರು ಸಾಂದ್ರತೆಗಳ ಕಪ್ಪನ್ನು ಒಂದೇ ಯಂತ್ರದಲ್ಲಿ ಅಳವಡಿಸಿತು. ಡೈ ಮಸಿಗಿಂತ ಪಿಗ್ಮೆಂಟ್ ಮಸಿಯು ಬೆಳಕನ್ನು ಹೆಚ್ಚು ಕಾಲ ತಾಳಿಕೊಳ್ಳುತ್ತದೆ.

ಕಾಗದಗಳಲ್ಲಿ ಮುಖ್ಯವಾದುವು ಎರಡು ಬಗೆ. ಹೊಳಪು ಕಾಗದದ ಮೇಲೆ ಕಪ್ಪು ಗಾಢವಾಗಿ ಮೂಡುತ್ತದೆ. ಮ್ಯಾಟ್ ಕಾಗದದ ಮೇಲೆ ಅದು ತುಸು ತೆಳುವಾದರೂ ಬೆಳಕು ಕಣ್ಣಿಗೆ ಹೊಡೆಯದು. ಅನೇಕ ಯಂತ್ರಗಳಲ್ಲಿ ಇವೆರಡಕ್ಕೂ ಪ್ರತ್ಯೇಕ ಕಪ್ಪು ಮಸಿಗಳಿರುತ್ತವೆ. ಅತಿ ಬಿಳುಪಿನ ಕಾಗದಕ್ಕೆ ಮರುಳಾಗಬಾರದು. ಹೊಳಪುಗೊಳಿಸಲು ಸೇರಿಸಿದ ರಾಸಾಯನಿಕವು ಕಾಲಕ್ರಮದಲ್ಲಿ ಶಕ್ತಿಗುಂದಿ ಕಾಗದವು ಹಳದಿಗೆ ತಿರುಗುತ್ತದೆ. ಬಹುಕಾಲ ಬಾಳಬೇಕಾದ ಚಿತ್ರಕ್ಕೆ ಆಮ್ಲರಹಿತವಾದ ಹತ್ತಿಕಾಗದವೇ ಲೇಸು.

ವರ್ಷಕ್ಕೆ ನಾಲ್ಕಾರು ಚಿತ್ರಗಳನ್ನು ಮಾತ್ರ ಮುದ್ರಿಸುವ ವಿದ್ಯಾರ್ಥಿಯು ಯಂತ್ರವನ್ನು ಕೊಳ್ಳುವುದು ಉಚಿತವಲ್ಲ. ಬಳಸದಿದ್ದರೆ ಮಸಿ ಒಣಗಿ ಅದರ ಸೂಕ್ಷ್ಮರಂಧ್ರಗಳು ಕಟ್ಟಿಕೊಳ್ಳುತ್ತವೆ. ಅಂತಹವರು ಮುದ್ರಣಾಲಯದಲ್ಲಿ ಮಸಿ ಯಾವುದು, ಕಾಗದ ಯಾವುದು ಎಂದು ವಿಚಾರಿಸಿ, ಮಾದರಿಯೊಂದನ್ನು ಕಿಟಕಿಯ ಬೆಳಕಿನಲ್ಲಿಯೂ ದೀಪದ ಬೆಳಕಿನಲ್ಲಿಯೂ ಪರೀಕ್ಷಿಸುವುದು ಒಳಿತು.