ತಾಯಿಯ ಜೀವ ಮತ್ತು ಕಾನೂನಿನ ಮಾತು

2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ನಗರದಲ್ಲಿ ಬೆಳಗಾವಿಯ ಮಗಳೊಬ್ಬಳು ತೀರಿಕೊಂಡಳು. ದಂತವೈದ್ಯೆ ಸವಿತಾ ಹಾಲಪ್ಪನವರ, ವಯಸ್ಸು 31, 17 ವಾರಗಳ ಗರ್ಭಿಣಿ. ಗರ್ಭ ಉಳಿಯುವುದಿಲ್ಲವೆಂದು ವೈದ್ಯರಿಗೆ ತಿಳಿದಿತ್ತು. ಅದನ್ನು ತೆಗೆಯಿರಿ ಎಂದು ಆಕೆ ಕೇಳಿಕೊಂಡಳು. ಭ್ರೂಣದ ಹೃದಯ ಇನ್ನೂ ಬಡಿಯುತ್ತಿದೆ, ಕಾನೂನು ಒಪ್ಪದು ಎಂಬ ಉತ್ತರ ಬಂತು. ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತು.

ಆ ದೇಶದ ಸಂವಿಧಾನಕ್ಕೆ 1983ರಲ್ಲಿ ಜನಮತದಿಂದ ಒಂದು ತಿದ್ದುಪಡಿ ಸೇರಿತ್ತು. ತಾಯಿಗೂ ಗರ್ಭದ ಶಿಶುವಿಗೂ ಬದುಕುವ ಹಕ್ಕು ಸಮಾನ ಎಂದು ಅದು ಹೇಳಿತು. ತಾಯಿಯ ಪ್ರಾಣಕ್ಕೆ ನಿಜವಾದ ಅಪಾಯವಿದ್ದರೆ ಗರ್ಭಪಾತಕ್ಕೆ ಅವಕಾಶವಿದೆ ಎಂದು 1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆದರೆ ಆ ಅಪಾಯವನ್ನು ಯಾರು, ಯಾವಾಗ ನಿರ್ಧರಿಸಬೇಕು ಎಂದು ತಿಳಿಸುವ ಶಾಸನ 20 ವರ್ಷ ಬರಲಿಲ್ಲ. ಸವಿತಾಳ ಸಾವಿನ ತನಿಖೆಯು ಸೋಂಕನ್ನು ಸಕಾಲದಲ್ಲಿ ಗುರುತಿಸದ ಲೋಪವನ್ನೂ ಕಾನೂನಿನ ಗೊಂದಲವನ್ನೂ ಎತ್ತಿ ತೋರಿಸಿತು. 2013ರಲ್ಲಿ ಶಾಸನ ಬಂತು. 2018ರ ಮೇ 25ರಂದು ನಡೆದ ಜನಮತದಲ್ಲಿ ಶೇ. 66.4ರಷ್ಟು ಮತದಾರರು ಆ ತಿದ್ದುಪಡಿಯನ್ನೇ ರದ್ದುಗೊಳಿಸಲು ಒಪ್ಪಿದರು.

ನಮ್ಮ ದೇಶದ ಸ್ಥಿತಿ ಏನು? 1860ರ ದಂಡ ಸಂಹಿತೆಯಲ್ಲಿ ತಾಯಿಯ ಜೀವ ಉಳಿಸಲು ಮಾತ್ರ ಗರ್ಭಪಾತಕ್ಕೆ ಅವಕಾಶವಿತ್ತು. ಕದ್ದುಮುಚ್ಚಿ ನಡೆಯುವ ಗರ್ಭಪಾತಗಳಿಂದ ಹೆಂಗಸರು ಸಾಯುತ್ತಿದ್ದುದರಿಂದ 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ನೇಮಕವಾಯಿತು. ಅದರ ವರದಿಯ ಮೇಲೆ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂತು. 2021ರ ತಿದ್ದುಪಡಿಯ ಪ್ರಕಾರ, ಕಾಯ್ದೆಯಲ್ಲಿ ಹೇಳಿದ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 24 ವಾರದವರೆಗೆ ಕೆಲವು ವರ್ಗದ ಮಹಿಳೆಯರಿಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ತಾಯಿಯ ಪ್ರಾಣ ಉಳಿಸಲು ತಕ್ಷಣ ಅಗತ್ಯವಿದ್ದರೆ ವಾರಗಳ ಮಿತಿಯೇ ಇಲ್ಲ, ಒಬ್ಬ ನೋಂದಾಯಿತ ವೈದ್ಯರ ನಿರ್ಧಾರ ಸಾಕು. 18 ತುಂಬಿದ ಮಹಿಳೆಗೆ ಅವಳದೇ ಒಪ್ಪಿಗೆ ಸಾಕು, ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ. ಭ್ರೂಣದ ಲಿಂಗ ಪತ್ತೆ ಮಾಡುವುದು ಮಾತ್ರ 1994ರ ಕಾಯ್ದೆಯಡಿ ಅಪರಾಧ.

ಕಾನೂನು ಬಿಟ್ಟದ್ದೆಲ್ಲವೂ ದೀನ್ ಒಪ್ಪಿದ್ದಲ್ಲ ಎಂಬುದನ್ನು ನಾವು ಮರೆಯಬಾರದು. ಬಡತನದ ಭಯದಿಂದ ಮಕ್ಕಳನ್ನು ಕೊಲ್ಲುವುದನ್ನು ಕುರ್‌ಆನ್ ತಡೆದಿದೆ. 120 ದಿನಗಳಿಗೆ ಭ್ರೂಣದಲ್ಲಿ ರೂಹ್ ಊದಲಾಗುತ್ತದೆ ಎಂಬುದು ಹದೀಸಿನ ಆಧಾರದಲ್ಲಿ ಬಹುತೇಕ ವಿದ್ವಾಂಸರ ನಿಲುವು. ವೈದ್ಯರು ಕೊನೆಯ ಮುಟ್ಟಿನಿಂದ ಎಣಿಸುವುದರಿಂದ ಅವರ ಲೆಕ್ಕದಲ್ಲಿ ಅದು ಸುಮಾರು 19 ವಾರ. ಅದಕ್ಕೆ ಮುಂಚೆ ಯಾವ ಕಾರಣಕ್ಕೆ ಅನುಮತಿ ಎಂಬಲ್ಲಿ ಮದ್‌ಹಬ್‌ಗಳಲ್ಲಿ ಭಿನ್ನಾಭಿಪ್ರಾಯವಿದೆ. ಆ ಬಳಿಕ ಅದು ನಿಷಿದ್ಧ. ಆದರೆ ತಾಯಿಯ ಜೀವವೇ ಹೋಗುವ ಸ್ಥಿತಿಯಲ್ಲಿ ಅವಳನ್ನು ಉಳಿಸಬೇಕೆಂದು ಇಂದಿನ ಹೆಚ್ಚಿನ ಕರ್ಮಶಾಸ್ತ್ರ ವಿದ್ವಾಂಸರು ಹೇಳುತ್ತಾರೆ. ತಾಯಿ ಬೇರು, ಶಿಶು ಕೊಂಬೆ ಎಂಬುದು ಅವರ ವಿವರಣೆ.

ಹಾಗಾಗಿ ಮನೆಯ ಗರ್ಭಿಣಿಗೆ ರಕ್ತಸ್ರಾವ, ಜ್ವರ, ತೀವ್ರ ನೋವು ಕಂಡರೆ ‘ಹಿರಿಯರು ಬರಲಿ, ಕೇಳಿ ನೋಡೋಣ’ ಎಂದು ಕಾಯಬೇಡಿ. ಮೊದಲು ಆಸ್ಪತ್ರೆ. ಸಮಯವಿರುವ ವಿಷಯದಲ್ಲಿ ವೈದ್ಯರನ್ನೂ ನಂಬಿಕಸ್ಥ ಆಲಿಮರನ್ನೂ ಕೇಳಿ. ಗುಟ್ಟಾಗಿ ಮಾತ್ರೆ ತಂದು ನುಂಗಿಸುವ ದಾರಿ ಎಂದೂ ಬೇಡ.

ಅಲ್ಲಾಹನು ನಮ್ಮ ತಾಯಂದಿರನ್ನೂ ಅವರ ಒಡಲ ಮಕ್ಕಳನ್ನೂ ಕಾಪಾಡಲಿ. ಆಮೀನ್.